ಅಜ್ಜಂಪುರ ಸಕಲೋದ್ಯಮ ಲಿಮಿಟೆಡ್

ಬುಕ್ಕಾಂಬುಧಿ ಕೆರೆಯ ಏರಿ ಮೇಲೆ ಸಂಜೆ ಕುಳಿತರೆ ನೀರಿನೊಳಗೂ ಒಂದು ಆಕಾಶ ಕಾಣುತ್ತದೆ. ಮೋಡಗಳು ಕಾಲ ಕೆಳಗೇ ತೇಲುತ್ತವೆ. ಅಂಥ ಜಾಗದಲ್ಲಿ ಮನುಷ್ಯನಿಗೆ ಏನು ಬೇಕಾದರೂ ಸಾಧ್ಯ ಎನ್ನಿಸುತ್ತದೆ. ನನಗೆ ಲಿಮಿಟೆಡ್ ಕಂಪನಿ ಹೊಳೆದದ್ದು ಅಲ್ಲಿಯೇ.

ಅಜ್ಜಂಪುರದಲ್ಲಿ ನನಗೊಂದು ತೆಂಗಿನ ತೋಟ, ಮನೆ ಪಕ್ಕ ಖಾಲಿ ಕೊಟ್ಟಿಗೆ. ಕೊಬ್ಬರಿಯಿಂದ ಎಣ್ಣೆ, ನಾರಿನಿಂದ ಹಗ್ಗ, ಹೆಬ್ಬೆ ಕಾಡಿನ ಜೇನು, ಜತೆಗೆ ಗೋಲಿ ಸೋಡಾ. ನಾಲ್ಕೂ ಒಂದೇ ಕಂಪನಿಯಲ್ಲಿ! ಪಾಲುದಾರ ತರೀಕೆರೆಯ ನನ್ನ ಭಾವಮೈದ ರುದ್ರಪ್ಪ.

"ಭಾವ, ಒಂದೊಂದಕ್ಕೆ ಒಂದೊಂದು ಕಂಪ್ನಿ ಬ್ಯಾಡ್ವಾ?" ಎಂದ.

"ಲೇ ರುದ್ರ, ಸೂರ್ಯ, ಚಂದ್ರ, ನಕ್ಷತ್ರ ಎಲ್ಲಾ ಒಂದೇ ಆಕಾಶದಾಗಿಲ್ವೇನೋ?"

ಅವನು ಬಹಳ ಹೊತ್ತು ಆಕಾಶ ನೋಡಿದ. ಮಾರನೆಯ ವಾರ ಜೋಡೆತ್ತು ಮಾರಿ ಬಂದ. ನಾನು ಆ ವರ್ಷದ ಫಸಲಿನ ಹಣವನ್ನೆಲ್ಲ ಕಂಪನಿಗೆ ಸುರಿದೆ.

ಕಡೂರಿನ ವಕೀಲರು ಎಚ್ಚರಿಸಿದರು: "ಕಂಪನಿ ಏನೇನು ಮಾಡುತ್ತೆ ಅಂತ ಉದ್ದೇಶಪತ್ರದಲ್ಲಿ ಮೊದಲೇ ಬರೀಬೇಕು. ಬರೆಯದ್ದನ್ನ ಆಮೇಲೆ ಮಾಡೋ ಹಾಗಿಲ್ಲ."

ಬರೆಯುವುದಕ್ಕೆ ನನಗೆ ಅಪ್ಪಣೆ ಬೇಕೇ! ಮೂರು ದಿನ ಜಗುಲಿ ಬಿಟ್ಟು ಏಳಲಿಲ್ಲ. ಎಣ್ಣೆ, ಹಗ್ಗ, ಜೇನು, ಸೋಡಾ ಮುಗಿದ ಮೇಲೂ ಲೇಖನಿ ನಿಲ್ಲಲಿಲ್ಲ. ಮೋಟಾರು, ಮುತ್ತು, ಆನೆ, ಕೊನೆಗೆ ಹಡಗು ನಿಲ್ಲುವ ಬಂದರನ್ನೂ ಬರೆದೆ.

ನನ್ನ ಹೆಂಡತಿ ಗೌರಮ್ಮ ಕೇಳಿದಳು: "ಬಂದರು ಯಾಕ್ರೀ? ಇಲ್ಲಿ ಸಮುದ್ರ ಎಲ್ಲೈತೆ?"

"ನಾಳೆ ಬಂದ್ರೆ ಏನ್ಮಾಡ್ತೀಯಾ? ಬರೆಯದೇ ಇದ್ರೆ ಕಟ್ಟೋ ಹಾಗಿಲ್ಲ ಕಣೇ!"

ಬೆಂಗಳೂರಿನಿಂದ ಕಂಪನಿ ರಿಜಿಸ್ಟರಾಗಿ ಬಂತು. ನಾನು ಮ್ಯಾನೇಜಿಂಗ್ ಡೈರೆಕ್ಟರಾದೆ. ಕಂಪನಿ ಒಂದೇ ಆದ್ದರಿಂದ ಕೊಟ್ಟಿಗೆಯೂ ಒಂದೇ ಸಾಕೆಂದು ನಿರ್ಣಯಿಸಿದೆ. ಗಾಣ ತಿರುಗಿಸಿದ ಕೈಯೇ ಸೋಡಾ ಬಾಟಲಿ ತೊಳೆಯಿತು. ಜೇನಿನ ಡಬ್ಬ ಸೋರಿ ಹಗ್ಗದ ಹೊರೆಗಳಿಗೆ ಇಳಿಯಿತು. ಊರಿನ ಇರುವೆಗಳೆಲ್ಲ ಪಾಲುದಾರರಂತೆ ಬಂದು ಸೇರಿದವು. ಇದು ಯಾವುದೂ ನನ್ನ ಗಮನಕ್ಕೆ ಬರಲಿಲ್ಲ. ನಾನು ಬಂದರಿಗೆ ಹೆಸರು ಯೋಚಿಸುತ್ತಿದ್ದೆ.

ಪ್ರಾರಂಭೋತ್ಸವಕ್ಕೆ ಅಮಲ್ದಾರರು ದಯಮಾಡಿಸಿದರು. ಮೊದಲು ಸೋಡಾ ಕೊಟ್ಟೆ. ಒಂದು ಗುಟುಕು ಕುಡಿದರು. ಅವರ ಮೀಸೆ ಫಳಫಳ ಹೊಳೆಯಿತು!

"ಏನ್ರೀ ಇದು, ಕುಡಿಯೋಕೋ, ತಲೆಗೆ ಹಚ್ಚೋಕೋ?"

"ಎರಡೂ ಒಂದೇ ಕಂಪನಿಯದು ಸ್ವಾಮಿ," ಎಂದು ವಿನಯದಿಂದ ನುಡಿದೆ. ಕುಳಿತುಕೊಳ್ಳಲು ಕಂಪನಿಯ ಹಗ್ಗದ ಹೊರೆಯನ್ನೇ ತೋರಿಸಿದೆ. ಕುಳಿತರು. ಎದ್ದಾಗ ಹೊರೆಯೂ ಅವರೊಂದಿಗೆ ಎದ್ದಿತು! ಇರುವೆಗಳು ಒಳಗಿನ ತನಿಖೆ ಆರಂಭಿಸಿದ್ದವು. ತಾಲ್ಲೂಕನ್ನೇ ನಡುಗಿಸುವ ಅಮಲ್ದಾರರು ಕುಣಿದರು. ರುದ್ರಪ್ಪ ಹೊರೆ ಹಿಡಿದು ಎಳೆದ. ಹೊರೆ ಬಂತು, ಪಂಚೆಯೂ ಅರ್ಧ ಬಂತು.

ಕಂಪನಿಯ ಕಥೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಗೌರಮ್ಮ ನನ್ನ ಮಡಿ ಪಂಚೆ, ಒಂದು ತಟ್ಟೆ ಬಿಸಿ ಕೋಡುಬಳೆ ಹಿಡಿದು ಬಾಗಿಲಲ್ಲಿದ್ದಳು. ಅಮಲ್ದಾರರು ಪಂಚೆ ಬದಲಿಸಿ, ಮುಖ ಗಂಟಿಕ್ಕಿಕೊಂಡೇ ಒಂದು ಕೋಡುಬಳೆ ಕಡಿದರು. ಎರಡನೆಯದಕ್ಕೆ ಗಂಟು ಸಡಿಲವಾಯಿತು. ಐದನೆಯದಕ್ಕೆ ನಕ್ಕರು!

"ಕಂಪನಿಯಲ್ಲಿ ಇದನ್ನ ಮಾಡ್ರೀ. ನಮ್ಮ ಕಚೇರಿಗೇ ದಿನಾ ಬೇಕು."

ಆ ಕ್ಷಣವೇ ಉದ್ದೇಶಪತ್ರ ತೆಗೆದು ನೋಡಿದೆ. ಆನೆ ಇತ್ತು. ಮುತ್ತು ಇತ್ತು. ಬಂದರು ಇತ್ತು. ಕೋಡುಬಳೆ ಇರಲಿಲ್ಲ!

ವಕೀಲರ ಹತ್ತಿರ ಓಡಿದೆ. ಉದ್ದೇಶ ಬದಲಿಸಬೇಕಾದರೆ ಸಭೆ, ನಿರ್ಣಯ, ಮೇಲೆ ಕೋರ್ಟಿನ ಒಪ್ಪಿಗೆ ಎಂದರು. ಅರ್ಜಿ ಬರೆಯಲು ಮತ್ತೆ ಜಗುಲಿಯಲ್ಲಿ ಕುಳಿತೆ. ಕೋಡುಬಳೆ ಎಂದು ಬರೆದವನು ಹೇಗೂ ಬರೆಯುತ್ತಿದ್ದೇನಲ್ಲ ಎಂದು ವಿಮಾನವನ್ನೂ ಸೇರಿಸಿದೆ.

ಒಳಗಿನಿಂದ ಕರಿದ ಘಮ ಬಂತು. ನೋಡಿದರೆ ಗೌರಮ್ಮ ಒಲೆಯ ಮುಂದೆ, ರುದ್ರಪ್ಪ ಬುಟ್ಟಿ ತುಂಬುತ್ತಿದ್ದ.

"ಲೇ, ನಿಲ್ಸೇ! ಇನ್ನೂ ಒಪ್ಪಿಗೆ ಬಂದಿಲ್ಲ!"

"ಅದು ಕಂಪ್ನಿಗೆ ಕಣ್ರೀ. ನಾನು ಗೌರಮ್ಮ. ನಂಗ್ಯಾತರ ಒಪ್ಪಿಗೆ?"

ಒಂದೇ ವರ್ಷದಲ್ಲಿ ರುದ್ರಪ್ಪನ ಮನೆಗೆ ಹೊಸ ಜೋಡೆತ್ತು ಬಂದವು. ನನಗೂ ಕೆಲಸ ಸಿಕ್ಕಿತು. ಬೆಳಗಿನ ರೈಲಿಗೆ ಬುಟ್ಟಿ ಹೊತ್ತು ಅಜ್ಜಂಪುರ ಸ್ಟೇಷನ್ನಿನಲ್ಲಿ ನಿಲ್ಲುವುದು. ಒಂದು ದಿನ ಕಿಟಕಿಯಿಂದ ಒಬ್ಬ ಪ್ರಯಾಣಿಕ, "ಏಯ್, ಬಾರಯ್ಯ ಇಲ್ಲಿ!" ಎಂದು ಕರೆದ. ನನಗೆ ರೇಗಿತು. ಎದೆಯುಬ್ಬಿಸಿ, "ಮ್ಯಾನೇಜಿಂಗ್ ಡೈರೆಕ್ಟರ್!" ಎಂದೆ.

ಅವನು ಬುಟ್ಟಿಯೊಳಗೆ ಇಣುಕಿ ಹೇಳಿದ: "ಅದು ಬ್ಯಾಡ ಕಣಯ್ಯ, ಎರಡು ಕೋಡ್ಬಳೆ ಕೊಡು ಸಾಕು."