ಬಾಗಿಲಾಚೆಯ ರಜೆ

ಇಷ್ಟಕ್ಕೆಲ್ಲ ಕಾರಣ ಪಕ್ಕದಂಗಡಿಯ ಕ್ಷೌರಿಕ. ಗಡ್ಡಕ್ಕೆ ನೊರೆ ಹಚ್ಚುತ್ತ ಬಾಯಿ ಮುಚ್ಚಿಕೊಂಡಿರಲಾರದೆ, "ಹೋದ ಚಳಿಗಾಲದ ರಜೇಲಿ ಮನೆಯವರ ಜೊತೆ ಏನ್ ಮಾಡಿದ್ರಿ?" ಎಂದು ಕೇಳಿಬಿಟ್ಟ.

ಬೀಗ ರಿಪೇರಿಯವನಿಗೆ ನೆನಪಾದದ್ದು ತುಕ್ಕು ಹಿಡಿದ ಒಂದು ಶಟರು, ಯಾರೋ ಸಿಕ್ಕಿಹಾಕಿಕೊಂಡಿದ್ದ ಒಂದು ಬಚ್ಚಲುಮನೆ, ಬೀಗದೊಳಗೆ ಮುರಿದ ಒಂದು ಕೀಲಿ. ಮನೆಯವರ ಮುಖ ಒಂದೂ ನೆನಪಾಗಲಿಲ್ಲ. ರಜೆ ಬಂತೆಂದರೆ ಹೆಂಡತಿ ತಂಗಿ ಮನೆಗೆ, ಮಗ ಗೆಳೆಯರ ರೂಮಿಗೆ, ಅತ್ತೆ ಎದುರುಮನೆಯ ಟೀವಿಗೆ. ಮಗಳು ಮನೆಯಲ್ಲೇ ಇರುತ್ತಿದ್ದಳು, ಆದರೆ ಫೋನಿನೊಳಗೆ.

ಈ ಸಲ ಹಾಗಾಗಕೂಡದು ಎಂದು ಅವನು ಹಟ ತೊಟ್ಟ. ರಜೆಯ ಹಿಂದಿನ ಸಂಜೆಯೇ ಮುಂಬಾಗಿಲಿಗೆ ತಾನೇ ಜೋಡಿಸಿದ ಹೊಸ ಬೀಗ ಕೂರಿಸಿದ. ಬಾಗಿಲು ಮುಚ್ಚಿದರೆ ತಾನಾಗಿ ಬೀಳುವ ಬೀಗ. ಒಳಗಿನಿಂದಾಗಲಿ ಹೊರಗಿನಿಂದಾಗಲಿ ಕೀಲಿಯಿಲ್ಲದೆ ಜಪ್ಪಯ್ಯ ಅಂದರೂ ತೆರೆಯದು. ಎಲ್ಲರ ಫೋನುಗಳನ್ನೂ ಕಿತ್ತು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಅದರ ಕೀಲಿಯನ್ನೂ ಬಾಗಿಲ ಕೀಲಿಯಿದ್ದ ಗೊಂಚಲಿಗೇ ಸೇರಿಸಿದ.

"ನಾಳೆ ಯಾರೂ ಹೊಸಿಲು ದಾಟೋ ಹಾಗಿಲ್ಲ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂರೋದು. ಈ ರಜೆಗೆ ನನ್ನ ಪಾಲಿಗೆ ಏನರ್ಥ ಅಂತ ಒಬ್ಬೊಬ್ಬರೇ ಹೇಳೋದು. ಆಮೇಲೆ ಚರ್ಚೆ."

"ಪರೀಕ್ಷೇನೂ ಇದೆಯೇನಪ್ಪಾ?" ಎಂದ ಮಗ.

"ಅಳಿಯಂದ್ರೇ, ಜೈಲಲ್ಲೂ ಇಷ್ಟು ಕಷ್ಟ ಇರಲ್ಲ" ಎಂದರು ಅತ್ತೆ.

ಬೆಳಗಾಯಿತು. ಹಾಲು ಬಾಗಿಲಲ್ಲೇ ಇಟ್ಟಿತ್ತು. ಬೀಗದವನು ಬನಿಯನ್ ಮೇಲೆ ಸ್ವೆಟರ್ ಏರಿಸಿಕೊಂಡು ಹೊರಗೆ ಎರಡು ಹೆಜ್ಜೆ ಇಟ್ಟ, ಹಾಲಿಗೆ ಬಗ್ಗಿದ. ಹಿಂದಿನಿಂದ ಚಳಿಗಾಳಿ ಬೀಸಿತು. ಬಾಗಿಲು ಧಡ್ ಎಂದಿತು, ಬೀಗ ಕಟಕ್ ಎಂದಿತು. ಎಷ್ಟು ಚೆನ್ನಾಗಿ ಬಿತ್ತೆಂದರೆ ಒಂದು ಗಳಿಗೆ ಅವನಿಗೆ ಹೆಮ್ಮೆಯೇ ಆಯಿತು. ಆಮೇಲೆ ಜೇಬು ತಡವಿಕೊಂಡ. ಸ್ವೆಟರಿಗೆ ಜೇಬೇ ಇರಲಿಲ್ಲ.

"ಲೇ! ಗೊಂಚಲು ನೀಲಿ ಅಂಗಿ ಜೇಬಲ್ಲಿದೆ ನೋಡೇ!"

"ಇಲ್ಲಾರೀ!" ಒಳಗಿನಿಂದ ಹೆಂಡತಿಯ ದನಿ. "ಹುಡುಕ್ತೀವಿ, ಇರಿ!"

ಯಾರೂ ಬೀಗ ಬಿಚ್ಚದಿರಲೆಂದು ಹತಾರಗಳ ಚೀಲವನ್ನೂ ಆ ಕಬ್ಬಿಣದ ಪೆಟ್ಟಿಗೆಗೇ ಹಾಕಿದ್ದ. ಅಂಗಡಿಯ ಕೀಲಿ ಆ ಗೊಂಚಲಲ್ಲೇ ಇತ್ತು. ಬೀಗದವನು ಪಕ್ಕದ ಮನೆಯ ಟೈಲರಮ್ಮನಿಂದ ದಬ್ಬಣ ತಂದ, ಮಹಡಿಯ ನಿವೃತ್ತ ಮೇಷ್ಟರಿಂದ ಕೈವಾರ ತಂದ. ದಬ್ಬಣ ಬಾಗಿತು. ಕೈವಾರದ ಮೊನೆ ಮುರಿಯಿತು.

"ಏನಯ್ಯಾ, ಈ ಬೀಗ ಕಳ್ಳರ ಅಪ್ಪನಿಗೂ ಬಗ್ಗಲ್ಲ ಅಂತ ನಿನ್ನೆ ಕೊಚ್ಕೊಂಡಿದ್ದೆ. ನಿಜಾನೇ ಹೇಳಿದ್ದೀಯ" ಎಂದರು ಮೇಷ್ಟರು, ಮಂಕಿ ಟೋಪಿಯೊಳಗಿಂದ. "ಒಡೆದುಬಿಡು."

"ಒಡೆದ್ರೆ ಬಾಗಿಲೇ ಹೋಗುತ್ತೆ ಸಾರ್. ಅಷ್ಟು ಗಟ್ಟಿಯಾಗಿ ಕೂರಿಸಿದ್ದೀನಿ."

"ಹೇಗೂ ಹೊರಗೇ ಇದ್ದೀರಲ್ಲ ಅಣ್ಣಾ, ನನ್ನ ಬೀರು ಬಾಗಿಲು ಸ್ವಲ್ಪ ನೋಡಿ" ಎಂದರು ಟೈಲರಮ್ಮ. "ಗಿರಾಕಿ ಕೋಟು ಒಳಗೆ ಸಿಕ್ಕೊಂಡಿದೆ."

ಕೈಗೆ ಕೆಲಸ ಸಿಕ್ಕಿದರೆ ಚಳಿಯಾದರೂ ಬಿಡುತ್ತದೆಂದು ಅವನು ಹೋದ. ಬೀರು ಕ್ಷಣದಲ್ಲಿ ತೆರೆಯಿತು. ಅಲ್ಲಿಂದ ಮೇಷ್ಟರ ಟ್ರಂಕು, ಟ್ರಂಕಿನಿಂದ ಕೆಳಮನೆಯ ಸೈಕಲ್ಲು. ಬೀಗದವನು ಪುಕ್ಕಟೆಯಾಗಿ ಸಿಕ್ಕಿದ್ದಾನೆಂಬ ಸುದ್ದಿ ಮೆಟ್ಟಿಲಿಳಿದು ರಸ್ತೆಗೂ ಹೋಯಿತು. ಕಟ್ಟಡದಲ್ಲಿ ತೆರೆಯದೆ ಉಳಿದದ್ದು ಅವನದೊಂದೇ ಬಾಗಿಲು.

ನಡುನಡುವೆ ಓಡಿಬಂದು ಪಡಸಾಲೆಯ ಕಿಟಕಿಗೆ ಬಡಿಯುತ್ತಿದ್ದ. ಕಿಟಕಿಗೆ ಒಳಗಿನಿಂದ ಪರದೆ ಎಳೆದಿತ್ತು.

"ಸಿಕ್ತಾ?"

"ಹುಡುಕ್ತಾನೇ ಇದೀವಿ!" ಹೆಂಡತಿಯ ಕೈ ಮಾತ್ರ ಹೊರಬಂದು, ಸರಳಿನ ಸಂದಿಯಿಂದ ಮಫ್ಲರನ್ನೂ ಒಂದು ಲೋಟ ಹಾಲಿಲ್ಲದ ಚಹಾವನ್ನೂ ದಾಟಿಸಿತು. ಒಳಗೆ ಅತ್ತೆ ಚೀರಿದರು. ಹಿಂದೆಯೇ ಎಲ್ಲರೂ ಹೋ ಎಂದು ನಕ್ಕರು.

"ಏನದು ನಗು?" ಬೀಗದವನಿಗೆ ಗಾಬರಿ.

"ಭಯಕ್ಕೆ ಕೆಲವರು ಹಾಗೇ ನಗ್ತಾರಯ್ಯಾ" ಎಂದು ಮೇಷ್ಟರು ಸಮಾಧಾನ ಹೇಳಿದರು. "ಬಂಧನದ ಭಯ. ಪಾಪ, ಬೇಗ ಬಿಡಿಸು."

'ಪಾಪ' ಎಂಬ ಮಾತು ಅವನಿಗೆ ದಬ್ಬಣದಂತೆ ಚುಚ್ಚಿತು. ಫೋನಿಲ್ಲ, ದಾರಿಯಿಲ್ಲ, ತಾನೂ ಇಲ್ಲ. ತನ್ನ ಹಟಕ್ಕೆ ಅವರೇಕೆ ನರಳಬೇಕು? ಟೈಲರಮ್ಮನ ಹೊಲಿಗೆ ಯಂತ್ರದಿಂದ ಒಂದು ಕಂಬಿ ಬೇಡಿ ತಂದು, ಬಾಗಿಲ ಮುಂದೆ ಮಂಡಿಯೂರಿ, ತಾನೇ ಜೋಡಿಸಿದ ಒಂದೊಂದು ಸ್ಪ್ರಿಂಗಿಗೂ ಶಾಪ ಹಾಕುತ್ತ ತಿವಿದ. ಬೆರಳು ಮರಗಟ್ಟಿತು. ಹೊತ್ತು ಇಳಿಯಿತು. ದೀಪ ಹಚ್ಚುವ ವೇಳೆಗೆ ಬೀಗ ಕಟಕ್ ಎಂದಿತು.

"ಬಿಟ್ಕೊಂಡ್ತು!" ಎಂದು ಕೂಗಿದ. ಮೇಷ್ಟರು ಚಪ್ಪಾಳೆ ತಟ್ಟಿದರು.

ಬಾಗಿಲು ಒಳಕ್ಕೆ ಸರಿಯಿತು. ಬೀಗದ ಒಳಬದಿಯಲ್ಲಿ ಕೀಲಿಯಿತ್ತು. ಕೀಲಿಯ ತುದಿಯಲ್ಲಿ ಮಗಳಿದ್ದಳು.

"ಹಾಲು ಕೊಡಪ್ಪಾ. ಅಜ್ಜಿಗೆ ಚಹಾ ಬೇಕಂತೆ."

ಅವನು ಕೀಲಿಯತ್ತ ಬೆರಳು ತೋರಿಸಿದ. "ಗೊಂಚಲು... ಯಾವಾಗ ಸಿಕ್ತು?"

"ಬೆಳಿಗ್ಗೇನೇ. ಅದನ್ನ ಹುಡುಕೋವಾಗ ಮಂಚದ ಕೆಳಗೆ ಇಸ್ಪೀಟು ಕಟ್ಟು ಸಿಕ್ತು. ಸುಮ್ನೆ ಒಂದಾಟ ಹಾಕೋಣ ಅಂದ್ರು ಅಮ್ಮ. ಎರಡನೇ ಆಟಕ್ಕೆ ದಿಂಬಿನ ಕೆಳಗೆ ಗೊಂಚಲೂ ಸಿಕ್ತು. ಆದ್ರೆ ಆಗ ಅಜ್ಜಿ ಗೆಲ್ತಾ ಇದ್ರು."

"ಬಾಗಿಲು ತೆಗೀಬಾರದಿತ್ತಾ?"

"ತೆಗೆದಿದ್ರೆ ನೀವು ಬಂದು ಚರ್ಚೆ ಶುರು ಮಾಡ್ತಿದ್ರಿ" ಎಂದಳು ಹೆಂಡತಿ, ಕೈಯಲ್ಲಿದ್ದ ಎಲೆಗಳಿಂದ ಕಣ್ಣೆತ್ತದೆ.

ಬೀಗದವನು ಫೋನಿನ ಪೆಟ್ಟಿಗೆಯ ಕಡೆ ನೋಡಿದ. ಹಾಕಿದ ಬೀಗ ಹಾಗೇ ಇತ್ತು.

"ಅದು ಮರೆತೇ ಹೋಗಿತ್ತು ಕಣಪ್ಪಾ" ಎಂದ ಮಗ. "ಅಪ್ಪಾ, ನಿಜ ಹೇಳ್ತೀನಿ, ನೀನು ಕೇಳಿದ್ಯಲ್ಲ ರಜೆಗೆ ಏನರ್ಥ ಅಂತ, ನಮಗೆ ಸಿಕ್ತು. ಮುಂದಿನ ವರ್ಷಾನೂ ಹೀಗೇ ಮಾಡೋಣ."

"ಹೀಗೇ ಅಂದ್ರೆ?"

"ಇದೇ ಬೀಗ. ನೀನು ಆಚೆ, ನಾವು ಈಚೆ."

ಬೀಗದವನು ಅಷ್ಟಕ್ಕೂ ಸೋಲಲಿಲ್ಲ. ಹಲ್ಲು ಕಚ್ಚಿ, ಚಾಪೆಯ ಅಂಚಿಗೆ ಸರಿದು ಕೂತು, "ಸರಿ, ನನಗೂ ಎಲೆ ಹಾಕಿ" ಎಂದು ಕೈಚಾಚಿದ.

ಅತ್ತೆ ಕಟ್ಟನ್ನು ಎದೆಗವಚಿಕೊಂಡರು. "ಇದು ನಾಲ್ಕು ಜನದ ಆಟ ಅಳಿಯಂದ್ರೇ. ನೀವು ಬೇಕಾದ್ರೆ ಚಹಾಕ್ಕಿಡಿ."

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಮೇಷ್ಟರು. ಬಾಗಿಲು ತೆರೆದ ಸಂಭ್ರಮ ನೋಡಲು ಬಂದ ಅವಸರದಲ್ಲಿ ಅವರು ತಮ್ಮ ಕೀಲಿಯನ್ನು ಮನೆಯೊಳಗೇ ಬಿಟ್ಟು, ತಾನಾಗಿ ಬೀಗ ಬೀಳುವ ಬಾಗಿಲೆಳೆದುಕೊಂಡು ಬಂದಿದ್ದರು.