ಖಾಲಿ ಮನೆಯ ಸಾಹೇಬರು

ಖಾಲಿ ಬಸ್ಸು ಓಡಿಸಿದರೂ ಡೀಸೆಲ್ ಉರಿಯುತ್ತದೆ. ಬಾಡಿಗೆಗೆಂದು ಕಟ್ಟಿದ ಮನೆ ಖಾಲಿ ಬಿದ್ದರೂ ಕಂತು ಹಾಗೆಯೇ ಉರಿಯುತ್ತದೆ. ಜೊತೆಗೆ ತಿಂಗಳಿಗೊಂದು ಫಜೀತಿ ಪುಕ್ಕಟೆ.

ನಾನು ಬಸ್ಸಿನ ಚಾಲಕನಾಗಿದ್ದವನು. ಹಾನಗಲ್ಲಿನಿಂದ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಓಡಾಡಿಯೇ ತಲೆ ಬೆಳ್ಳಗಾಯಿತು. 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಫಲಕ ಬಸ್ಸಿನಲ್ಲಿ ಸದಾ ನನ್ನ ಹತ್ತಿರವೇ ಇರುತ್ತಿತ್ತು. ನನಗದು ಒಗ್ಗಿತು. ಮನೆಯಲ್ಲೂ ಅದನ್ನೇ ನಡೆಸಿಕೊಂಡು ಬಂದೆ.

ನಿವೃತ್ತಿಯ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ, ಹಾನಗಲ್ಲಿನ ನಮ್ಮ ಹಂಚಿನ ಮನೆಯ ಎದುರಿಗೇ, ರಸ್ತೆಯ ಆಚೆ, ಹೊಸ ಮನೆ ಕಟ್ಟಿಸಿದೆ. ವಾಸ್ತುಶಾಂತಿಯ ದಿನ ಹೋಳಿಗೆ ಊಟವಾದ ಮೇಲೆ ನಾಲಿಗೆ ಸಡಿಲಾಯಿತು. ಓಣಿಯ ಮಂದಿಯೆಲ್ಲ ಕೇಳುವಂತೆ ಹೇಳಿದೆ:

"ಬಾಡಿಗೀನ ಕಂತು ತುಂಬತೈತಿ. ನಾ ಬರೇ ಕಟ್ಟಿ ಮ್ಯಾಲ ಕುಂತು ನೋಡತೇನಿ."

ನನ್ನ ಜೀವನದ ಅತಿ ಉದ್ದದ ಭಾಷಣ ಅದು. ಅದರಲ್ಲಿ ಕುಂತು ನೋಡುವುದೊಂದೇ ಖರೆ ಆಯಿತು.

ದೇವರ ಬೆನ್ನು

ಮೊದಲು ಬಂದವರು ಹಿರೇಕೆರೂರಿನಿಂದ ವರ್ಗವಾಗಿ ಬಂದ ಒಬ್ಬ ಮಾಸ್ತರು ಮತ್ತು ಅವರ ತಾಯಿ. ಮಾಸ್ತರು ಗೋಡೆ ಬಡಿದು ನೋಡಿದರು, ನಳ ತಿರುವಿ ನೋಡಿದರು. ಮನೆ ಹಿಡಿಸಿತು. ಮುದುಕಿ ನೇರ ದೇವರ ಕೋಣೆಗೆ ಹೋದಳು. ದೇವರ ಜಗಲಿಯ ಹಿಂದಿನ ಗೋಡೆಯ ಮೇಲೆ ಕೈಯಿಟ್ಟಳು.

"ಇದರ ಆಚಿ ಕಡೆ ಏನೈತಿ?"

"ಸಂಡಾಸ" ಎಂದೆ.

ಮುದುಕಿ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. "ದೇವರ ಬೆನ್ನಿಗೆ ಸಂಡಾಸ ಕಟ್ಟೀಯಲ್ಲೋ ಯಪ್ಪಾ."

ನಕ್ಷೆ ಹಾಕಿದವನು ಎಂಜಿನಿಯರು. ತಲೆ ತಗ್ಗಿಸಿದವನು ನಾನು. "ದೇವರು ಏನೂ ಅಂದಿಲ್ಲಬೇ" ಎಂದೆ.

"ಹೆಂಗ ಅಂದಾನು? ಅವನೂ ಇನ್ನೂ ಇರಾಕ ಬಂದಿಲ್ಲಲ್ಲ."

ಬೋರ್ಡು

"ಒಂದು ಬೋರ್ಡರ ಹಾಕ್ರಿ" ಎಂದಳು ಹೆಂಡತಿ.

'ಮನೆ ಬಾಡಿಗೆಗೆ ಇದೆ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದೆ. ಗೇಟಿಗೆ ಕಟ್ಟಲು ಹೋದರೆ ಕೈ ಏಳಲಿಲ್ಲ. ಹೋಳಿಗೆ ಉಂಡವರೆಲ್ಲ ಅದೇ ದಾರಿಯಲ್ಲಿ ಓಡಾಡುವವರು. ಹಿತ್ತಲ ಗೋಡೆಗೆ, ಹೊಲದ ಕಡೆ ಮುಖ ಮಾಡಿ ಕಟ್ಟಿ ಬಂದೆ. ಆ ಕಡೆ ಎಮ್ಮೆ ಮೇಯುತ್ತವೆ, ಅಷ್ಟೆ.

ಕೆಲವು ದಿನಗಳ ಮೇಲೆ ಹೆಂಡತಿಯ ಕಣ್ಣಿಗೆ ಬಿತ್ತು. ಬಯ್ಯಲಿಲ್ಲ. ರೊಟ್ಟಿ ಬಡಿಸುವಾಗ ಕೇಳಿದಳು:

"ಎಮ್ಮಿ ಏನಂದ್ವು? ಅಡ್ವಾನ್ಸ್ ಎಷ್ಟು ಕೊಡತಾವಂತ?"

ಸಾಹೇಬರು

ಹೊಸ ಮನೆಯ ಬಾಜೂದವರು ಸವಣೂರಿನಿಂದ ಖಾರ, ಚೂಡಾ ತರಿಸಿ ಮಾರುವ ಅಂಗಡಿಕಾರರು. ನನಗಿಂತ ಹಿರಿಯರು. ದಿನಾ ಸಂಜೆ ಅವರದು ಒಂದೇ ಪ್ರಶ್ನೆ: "ಮನಿಗೆ ಯಾರರ ಬಂದ್ರೇನ್ರಿ?"

ಒಂದು ಸಂಜೆ ನನಗೆ ಸಾಕಾಯಿತು. "ಬಂದಾರ" ಎಂದೆ.

"ಯಾರು?"

"ಒಬ್ರು ಸಾಹೇಬ್ರು."

"ಕಾಣಲೇ ಇಲ್ಲಲ್ರಿ?"

"ಫಿರತಿ ಮ್ಯಾಲ ಇರ್ತಾರ. ಸರ್ಕಾರಿ ನೌಕರಿ, ಊರೂರು ತಿರಗೂದ."

ಸುಳ್ಳು ಸಣ್ಣದು. ಅದನ್ನು ಸಾಕಲು ಗಂಡ ಹೆಂಡತಿ ಇಬ್ಬರೂ ದುಡಿಯಬೇಕಾಯಿತು. ಸಂಜೆ ರಸ್ತೆ ದಾಟಿ ಹೋಗಿ ದೀಪ ಹಾಕುವ ಕೆಲಸ ನನ್ನದು. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುವುದು ಅವಳದು. ರಂಗೋಲಿ ಇಲ್ಲದಿದ್ದರೆ ಸಾಹೇಬರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಓಣಿಯವರು ಮಾತನಾಡಿಸಲು ಬಂದುಬಿಡುತ್ತಾರೆ. ಹಗ್ಗದ ಮೇಲೆ ಸಾಹೇಬರ ಬಟ್ಟೆಯೂ ಒಣಗಬೇಕಲ್ಲ. ನನ್ನ ಅಂಗಿ ಒಯ್ದು ಹಾಕಿದೆ.

ಅಂಗಡಿಕಾರರು ಹಗ್ಗ ನೋಡಿದರು. ನನ್ನನ್ನು ನೋಡಿದರು.

"ಸಾಹೇಬ್ರ ಅಂಗಿ, ನಿಮ್ಮ ಅಂಗಿ ಥೇಟ್ ಒಂದ ನಮೂನಿ ಅದಾವಲ್ರಿ."

"ಒಂದ ಅಂಗಡ್ಯಾಗ ತಗೊಂಡೇವಿ."

"ಮೊಳಕೈ ಸೈತ ಒಂದ ಕಡೆ ಹರದಾವು."

ಉಪಕಾರ

ಅಕ್ಕಿಆಲೂರಿನ ಸಂತೆಗೆ ಹೋಗಿದ್ದೆ. ಚೀಲ ಹಿಡಿದು ಬಸ್ಸಿಳಿದು ಬರುವಾಗ ಅಂಗಡಿಕಾರರು ಎದುರು ಬಂದರು. ಮುಖದಲ್ಲಿ ಕಳೆ.

"ನಿಮಗೊಂದು ತ್ರಾಸ ತಪ್ಪಿಸಿದೆ, ನೋಡ್ರಿ."

"ಏನ್ರಿ?"

"ಶಿಗ್ಗಾಂವಿಂದ ಒಬ್ರು ನರ್ಸಬಾಯಿ ವರ್ಗ ಆಗಿ ಬಂದಾರಂತ. ಗಂಡ ಹೆಂಡ್ತಿ ಮನಿ ಹುಡಿಕ್ಕೋಂತ ಬಂದಿದ್ರು. ನಿಮ್ಮ ಮನೀನ ನೋಡಿ ನಿಂತಬಿಟ್ರು. ಭಾಳ ಛಲೋ ಐತಿ, ಕೇಳಿದಷ್ಟು ಕೊಡತೇವಿ ಅಂದ್ರು. ನಾ ಹೇಳಿದೆ, ಸಾಹೇಬ್ರು ಅದಾರ, ಸುಮ್ನ ಮಾಲಕರ ತಲಿ ತಿನಬ್ಯಾಡ್ರಿ ಅಂತ. ಪಾಪ, ಹ್ವಾದ್ರು."

ಚೀಲ ಕೆಳಗಿಟ್ಟೆ. ಏನಾದರೂ ಹೇಳಲೇಬೇಕಿತ್ತು.

"ಉಪಕಾರ ಆತ್ರಿ" ಎಂದೆ.

ಬ್ಯಾಂಕು

ಪಿಂಚಣಿ ಹೊಟ್ಟೆಗೆ ಸಾಲುವಷ್ಟು. ಕಂತು ನಿಂತಿತು. ಬ್ಯಾಂಕಿನಿಂದ ಕರೆ ಬಂತು. ಸಾಲದ ಮೇಜಿನಲ್ಲಿ ಕುಳಿತವಳು ಸಣ್ಣ ವಯಸ್ಸಿನವಳು, ಕಾಲೇಜಿಗೆ ನನ್ನ ಬಸ್ಸಿನಲ್ಲೇ ಓಡಾಡಿದ ಹುಡುಗಿ. ಎದ್ದು ನಿಂತು ಕುರ್ಚಿ ಕೊಟ್ಟಳು. ಕುರ್ಚಿ ಕೊಡದಿದ್ದರೆ ವಾಸಿಯಿತ್ತು.

"ಕಾಕಾ, ಈ ಸಲನೂ ತಪ್ಪಿದ್ರ ಬಾಗಲಕ್ಕ ನೋಟಿಸ ಹಚ್ಚಬೇಕಾಕ್ಕೈತ್ರಿ. ನನ್ನ ಕೈಯಾಗ ಇಲ್ಲ."

ಬಾಗಿಲಿಗೆ ನೋಟಿಸು. ರಸ್ತೆಗೆ ಮುಖವಿರುವ ಬಾಗಿಲು. ಬೋರ್ಡನ್ನು ಹಿತ್ತಲಿಗೆ ಕಟ್ಟಬಹುದು, ನೋಟಿಸನ್ನು ಕಟ್ಟಲಾಗದು.

"ಮನಿ ತುಂಬೇತಂತಲ್ಲ? ನಿಮ್ಮ ಬಾಜೂದವ್ರು ಹೇಳಿದ್ರು. ಬಾಡಿಗಿ ಬರೂದಿಲ್ಲೇನ್ರಿ?"

ಇದ್ದದ್ದು ಹೇಳಿದರೆ ಸುಳ್ಳ. ಹೇಳದಿದ್ದರೆ ಸಾಲಗಳ್ಳ. "ಸಾಹೇಬ್ರು ಇನ್ನೂ ಕೊಟ್ಟಿಲ್ಲವಾ" ಎಂದೆ.

ಆಕೆಗೆ ನನಗಿಂತ ಹೆಚ್ಚು ಸಿಟ್ಟು ಬಂತು. "ಸರ್ಕಾರಿ ಪಗಾರ ತಗೊಂಡು ನಿಮ್ಮಂಥವ್ರ ಬಾಡಿಗಿ ಮುಳಗಸ್ತಾರೇನು? ಫೋನ್ ನಂಬರ್ ಕೊಡ್ರಿ ಕಾಕಾ, ನಾ ಮಾತಾಡ್ತೇನಿ."

"ಬ್ಯಾಡವಾ" ಎಂದೆ. "ಅವ್ರದು ಮಾತು ಕಡಿಮಿ."

ಫಿರತಿ

ಮನೆಗೆ ಬಂದು ಹೆಂಡತಿಗೆ ನೋಟಿಸಿನ ವಿಷಯ, ವಾಪಸು ಹೋದ ನರ್ಸಬಾಯಿಯ ವಿಷಯ ಎರಡೂ ಹೇಳಿದೆ. ಅವಳು ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಆ ನರ್ಸಬಾಯಿಯನ್ನು ಹುಡುಕಿ, ಗಂಡನ ಸಮೇತ ಕರೆದುಕೊಂಡು ಬಂದಳು. ಸಾಹೇಬರ ಬಗ್ಗೆ ಅವರಿಗೆ ಏನು ಹೇಳಿದಳೋ, ನಾನು ಕೇಳಲಿಲ್ಲ. ನರ್ಸಬಾಯಿ ನನ್ನನ್ನು ನೋಡಿದಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹೊಸ ಮನೆಯೊಳಗೆ ಬಂದು ಸ್ವಲ್ಪ ಹೊತ್ತು ನಿಂತರು. ಹಣೆಯ ಬೆವರು ಒರೆಸಿಕೊಂಡರು. "ಹೊರಗಿಂದ ಛಲೋ ಕಾಣಸ್ತೈತ್ರಿ. ಒಳಗ ಭಾಳ ಕಾಯ್ತೈತಿ. ನಮ್ಮ ಅತ್ತಿಯವ್ರಿಗೆ ವಯಸ್ಸಾಗೇತಿ, ತಾಳೂದಿಲ್ಲ." ಹೊರಗೆ ಬಂದವರು ರಸ್ತೆಯಾಚೆ ನೋಡುತ್ತ ನಿಂತರು. "ಆ ಹಂಚಿನ ಮನಿ ತಂಪ ಇದ್ದಂಗ ಕಾಣಸ್ತೈತಿ. ಯಾರದ್ರಿ ಅದು?"

"ನಮ್ದ" ಎಂದೆ.

"ಅದನ್ನ ಕೊಡ್ತೀರೇನು? ಇದರ ಬಾಡಿಗೀನ ಕೊಡತೇವಿ. ಅಡ್ವಾನ್ಸ್ ಇವತ್ತ."

ಮದುವೆಯಾದಂದಿನಿಂದ ಇದ್ದ ಮನೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ "ಹೂಂನ್ರಿ" ಎಂದುಬಿಟ್ಟಳು. ಅಡ್ವಾನ್ಸು ಅವರ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ನೇರ ಬ್ಯಾಂಕಿಗೆ ಹೋಯಿತು. ನೋಟಿಸು ತಪ್ಪಿತು.

ಅಮಾವಾಸ್ಯೆ ಕಳೆದ ಮೇಲೆ ಸಾಮಾನು ಸಾಗಿಸಬೇಕಾಯಿತು.

"ಕತ್ತಲಾಗಲಿ, ಆಮ್ಯಾಲ ಒಯ್ಯೋಣು" ಎಂದೆ.

"ಯಾಕ, ಕಳುವು ಮಾಡಾಕತ್ತೇವೇನು?" ಎಂದು ಅವಳು ಹಾಡಹಗಲೇ ದೇವರನ್ನು ತಟ್ಟೆಯಲ್ಲಿಟ್ಟುಕೊಂಡು ರಸ್ತೆ ದಾಟಿದಳು. ಜಗಲಿಯ ಮೇಲೆ ಕೂಡಿಸಿದಳು. ದೇವರು ಏನೂ ಅನ್ನಲಿಲ್ಲ.

ಮುಂದಿನ ಸರದಿ ನನ್ನದು. ಹಾಸಿಗೆಯ ಸುರುಳಿ ತಲೆಯ ಮೇಲೆ, ಕೈಯಲ್ಲಿ ನೀರಿನ ಕೊಡ. ಗೇಟಿನ ಹತ್ತಿರ ಅಂಗಡಿಕಾರರು ನಿಂತಿದ್ದರು. ಅವರ ಹಿಂದೆ ಅರ್ಧ ಓಣಿ ನಿಂತಿತ್ತು, ಹೋಳಿಗೆ ಉಂಡ ಅದೇ ಮಂದಿ.

"ಏನ್ರಿ ಇದು? ಸಾಹೇಬ್ರು ಮನಿ ಬಿಟ್ರೇನು?"

ತಲೆಯ ಮೇಲೆ ಹಾಸಿಗೆ ಇದ್ದದ್ದರಿಂದ ತಗ್ಗಿಸಲೂ ಬರಲಿಲ್ಲ. ನೆಲ ನೋಡಿದೆ. ಬಾಗಿಲೊಳಗಿಂದ ಹೆಂಡತಿ ಹೇಳಿದಳು:

"ಇಲ್ರಿ ಅಣ್ಣಾರ. ಇವತ್ತ ಬಂದ್ರು. ನಿಮ್ಮ ಎದುರಿಗೇ ನಿಂತಾರ ನೋಡ್ರಿ. ಫಿರತಿ ಮುಗೀತು ಅವರದು."

ಅಂಗಡಿಕಾರರು ನನ್ನ ಮೊಳಕೈ ನೋಡಿದರು. ಹತ್ತಿರ ಬಂದು ಕೈಯಿಂದ ಕೊಡ ತೆಗೆದುಕೊಂಡರು. ಗೇಟು ತೆರೆದು ಹಿಡಿದರು.

"ಬರ್ರಿ ಸಾಹೇಬ್ರ" ಎಂದರು. "ಬಾಡಿಗಿ ಮಾತ್ರ ಟೈಮಿಗೆ ಸರಿಯಾಗಿ ಕೊಡ್ರಿ. ಮಾಲಕ ಮರ್ಯಾದಿ ಮನಶ್ಯಾ. ಬ್ಯಾಂಕಿನ ಕಂತು ಬ್ಯಾರೆ ಐತಿ, ಪಾಪ ಅವಗ."