ಮೌಸಿನ ಚಕ್ರಕ್ಕೆ ಗಂಧ

ತಿರುಗುವ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟು ಸೈಕಲ್ ಅಂಗಡಿ ಸೇರಿದ ಮೇಲಂತೂ ಅದೇ ಕಸುಬಾಯಿತು. ಕರಕರ ಎನ್ನುವ ಫ್ಯಾನು, ಹೊಲಿಗೆ ಯಂತ್ರದ ಗಾಲಿ, ಪಕ್ಕದ ಮನೆ ಮಗುವಿನ ಆಟದ ಬಂಡಿ, ಯಾವುದನ್ನೂ ಬಿಟ್ಟವನಲ್ಲ.

ಚಾಮರಾಜಪುರಂನಲ್ಲಿ ನನ್ನ ಅಕ್ಕ ಲಗ್ನಪತ್ರಿಕೆ ಜೋಡಿಸಿಕೊಡುವ ಪುಟ್ಟ ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಆ ವರ್ಷ ಕೊಂಡ ಹೊಸ ಮೌಸಿನ ಬೆನ್ನ ಮೇಲೊಂದು ಚಕ್ರ. ಬೆರಳಲ್ಲಿ ತಿರುಗಿಸಿದರೆ ಪರದೆಯ ಪತ್ರಿಕೆ ಸರಸರನೆ ಮೇಲೇರುತ್ತಿತ್ತು. ಆಯುಧಪೂಜೆಯ ದಿನ ಅಂಗಡಿಯ ಪೂಜೆ ನನ್ನ ಪಾಲಿಗೆ ಬಂತು. ಸೈಕಲ್ಲಿಗೆ ಪೂಜೆಯೆಂದರೆ ಮೊದಲು ಚಕ್ರಕ್ಕೆ ತಾನೆ? ಮೌಸಿಗೂ ಹಾಗೇ ಮಾಡಿದೆ. ಒಂದೇ ಕಡೆ ಹಚ್ಚಿದರೆ ದೇವರಿಗೆ ಮೋಸವೆಂದು ತಿರುಗಿಸಿ ತಿರುಗಿಸಿ ಸುತ್ತಲೂ ಗಂಧ ಮೆತ್ತಿದೆ. ಚಕ್ರ ಒಮ್ಮೆ ಕರಕರ ಎಂದಿತು, ಆಮೇಲೆ ಏನೂ ಎನ್ನಲಿಲ್ಲ. ಪೂಜೆಯಾದ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಗಂಧ ಒಳಗೇ ಒಣಗಿತು. ಮಾರನೆಯ ಬೆಳಿಗ್ಗೆ ಅಕ್ಕನಿಗಿಂತ ಮೊದಲೇ ಹೋಗಿ ಚಕ್ರದ ಮೇಲಿನದನ್ನು ಒರೆಸಿ, ಮೌಸಿನ ಬೆನ್ನಿಗೊಂದು ಬೊಟ್ಟಿಟ್ಟು, ಏನೂ ಅರಿಯದವನಂತೆ ನಿಂತೆ.

ಮಗಳ ಮದುವೆ ಪತ್ರಿಕೆ ನೋಡಲು ಯಜಮಾನರೊಬ್ಬರು ಬಂದರು. ಚಕ್ರ ಅಲುಗದೆ, ಪರದೆಯ ಪತ್ರಿಕೆ ಅಜ್ಜ ಅಜ್ಜಿಯರ ಹೆಸರಿಗೆ ಬಂದು ನಿಂತುಬಿಟ್ಟಿತು. "ಹುಡುಗಿ ಎಲ್ಲಮ್ಮಾ?" ಎಂದರು. "ಬರ್ತಾಳೆ, ಇರಿ ಸಾರ್" ಎಂದು ಅಕ್ಕ ಪರದೆಯಂಚಿನ ಪಟ್ಟಿ ಎಳೆದು ಹುಡುಗಿಯನ್ನು ಹೇಗೋ ಮೇಲೆ ತಂದಳು. ಅವರು ಹೋದದ್ದೇ ತಡ, ಫೋನ್ ಎತ್ತುತ್ತ ನನ್ನತ್ತ ತಿರುಗಿದಳು. "ದೇವರಾಜ ಮೊಹಲ್ಲಾದ ಮೌಸ್ ಅಂಗಡಿಯವನು ಕಳಪೆ ಮಾಲು ತಲೆಗೆ ಕಟ್ಬುಟ್ಟ ಕಣೋ!" "ಬುಡಕ್ಕಾ, ಪಾಪ, ಹಬ್ಬದ ದಿನ..." ಎಂದೆ. ಹಚ್ಚಿದವನು ನಾನು ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅಕ್ಕ ಫೋನಿನಲ್ಲೇ ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದಳು.

ಸಂಜೆಗೇ ಆ ಅಂಗಡಿಯವರು ಹೊಸ ಮೌಸ್ ಹಿಡಿದು ಬಂದರು. "ತಪ್ಪಾಯ್ತಮ್ಮಾ" ಎಂದರು. ನನ್ನ ತಪ್ಪನ್ನು ಇನ್ನೊಬ್ಬರು ಒಪ್ಪಿಕೊಳ್ಳುವುದನ್ನು ನೋಡುತ್ತ ನಿಲ್ಲುವುದು ಎಂಥ ಸಂಕಟ! ಹಳೆಯದನ್ನೆತ್ತಿ ಮೂಸಿ, "ಇದೇನಮ್ಮಾ, ದೇವರಮನೆ ವಾಸನೆ?" ಎಂದರು. ಕಾಫಿ ತರುವ ನೆಪದಲ್ಲಿ ಜಾರುತ್ತಿದ್ದ ನನ್ನನ್ನು ಅಕ್ಕ, "ನಿಂತ್ಕೊಳೋ" ಎಂದಳು. "ಗಂಧ ಎಲ್ಲಿಗೆ ಹಚ್ಚಿದೆ?" "ಚಕ್ರಕ್ಕೆ ಕಣಕ್ಕಾ... ಸೈಕಲ್ಲಿಗೆ ಹಚ್ಚಲ್ವಾ..." "ಚಕ್ರದ ಅಡಿಗೆ ನಿಂಬೆಹಣ್ಣೂ ಇಟ್ಟಿದ್ಯೇನೋ?" ಆಕೆ ಹೊಸ ಮೌಸಿನ ದುಡ್ಡು ಕೊಟ್ಟು ಅವರಿಗೆ ಕೈ ಮುಗಿದಳು. ಮುಗಿಯಬೇಕಾಗಿದ್ದ ನನ್ನ ಕೈ ಜೇಬಿನಲ್ಲಿತ್ತು.

ಮುಂದಿನ ವರ್ಷ ಗಂಧದ ಬಟ್ಟಲು ಅಕ್ಕನೇ ಹಿಡಿದಳು. ಮೌಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನನ್ನ ಬಲಗೈ ತೋರುಬೆರಳಿಗೆ ಗಂಧ ಕುಂಕುಮ ಇಟ್ಟಳು. "ನಮ್ಮಂಗಡೀಲಿ ಇದಕ್ಕಿಂತ ಭಯಂಕರವಾದ ಆಯುಧ ಇಲ್ಲ. ಪೂಜೆ ಆಯ್ತು. ಇವತ್ತು ಇದನ್ನ ಉಪಯೋಗಿಸೋ ಹಾಗಿಲ್ಲ." ಕೈ ಕಟ್ಟಿ ಕೂತೆ. ಮೇಜಿನ ಫ್ಯಾನು ಕರಕರ ಎನ್ನುತ್ತಿತ್ತು. ಎಡಗೈಗೆ ಇನ್ನೂ ಪೂಜೆಯಾಗಿಲ್ಲ ಎಂಬುದು ಆಗ ನೆನಪಾಯಿತು.